ಕಿಟಕಿಯ ಬಳಿ 20.9

ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ಅಳೆಯುವ ಆಕ್ಸಿಜನ್ ಅನಲೈಸರ್ ಅನ್ನು ನಿನ್ನೆ ಮಂಗಳೂರಿನಲ್ಲಿ ಸರಿಯಾಗಿ 20.9ಕ್ಕೆ ಹೊಂದಿಸಿದ್ದೆ. ಇಂದು ಮಡಿಕೇರಿಯ ಆಸ್ಪತ್ರೆಯಲ್ಲಿ ಅದು 18.3 ತೋರಿಸುತ್ತಿತ್ತು.

ಕೆಟ್ಟಿರಲಿಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಘಟ್ಟದ ಮೇಲೂ ಅಷ್ಟೇ, ಶೇಕಡಾ 20.9. ಒತ್ತಡ ಮಾತ್ರ ಕಡಿಮೆ. ಈ ಸೆನ್ಸರ್‌ಗೆ ತಿಳಿಯುವುದು ಆ ಒತ್ತಡವೊಂದೇ.

ಅನಲೈಸರನ್ನು ಆಮ್ಲಜನಕದ ಕೊಳವೆಯಿಂದ ಬಿಡಿಸಿ, ಕಿಟಕಿ ತೆರೆದು, ಅಂಗೈಯಲ್ಲಿ ಹಿಡಿದು ನಿಂತೆ. ಹೊರಗೆ ಮಂಜು. ಅಂಕಿ ಅಲುಗಾಡದೆ ನಿಲ್ಲುವವರೆಗೆ ಕಾದು, ಗುಂಡಿಯನ್ನು ಮೆಲ್ಲನೆ ತಿರುಗಿಸಿದೆ. 19.6... 20.4... 20.9.

ಅಳತೆಗೋಲು ಬೇಕೆಂದರೆ ಕಿಟಕಿ ತೆರೆದರೆ ಸಾಕು! ಇಷ್ಟು ವರ್ಷವಾದರೂ ನನಗೆ ಇದೊಂದು ಬೆರಗು.

ಪಕ್ಕದ ಕೋಣೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆಮ್ಲಜನಕ ಕಡಿಮೆಯಾದರೆ ಉಸಿರಿಗೆ ಕಷ್ಟ, ಹೆಚ್ಚಾದರೆ ಕಣ್ಣಿಗೆ ಕುತ್ತು. ಅನಲೈಸರನ್ನು ನರ್ಸಮ್ಮನ ಕೈಗಿಡುವ ಮುನ್ನ ಇನ್ನೊಮ್ಮೆ ಕಿಟಕಿಯ ಬಳಿ ಹಿಡಿದು ನೋಡಿದೆ.