ಅಜ್ಜನ ವಾರ್ಡಿನಲ್ಲಿ ಆರಿಸಿಕೊಂಡ ಪದವಿ

ಡಾಕ್ಟರಾಗುವುದು ಬೇಡವೆಂದು ನಾನು ಆಗಲೇ ತೀರ್ಮಾನಿಸಿದ್ದೆ. ರೋಗ ಯಾವುದೆಂದು ಪತ್ತೆಹಚ್ಚಿ, ಔಷಧ ಬರೆದು, ಮುಂದಿನ ಹಾಸಿಗೆಗೆ ಹೋಗುವ ಕೆಲಸ ನನ್ನನ್ನು ಸೆಳೆದಿರಲಿಲ್ಲ. ಒಬ್ಬರ ಜೊತೆ ವಾರಗಟ್ಟಲೆ ಕೂತು, ಅವರು ಇಷ್ಟಿಷ್ಟೇ ಸುಧಾರಿಸುವುದನ್ನು ನೋಡುವಂಥ ಕೆಲಸ ಬೇಕಿತ್ತು. ಆಸ್ಪತ್ರೆಯೊಳಗೆ ಅಂಥದ್ದು ಯಾವುದು, ಅದಕ್ಕೆ ಕಾಲೇಜಿನಲ್ಲಿ ಏನು ಓದಬೇಕು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಬಯಾಲಜಿ ತಗೋ, ಮುಂದಿನದು ಆಮೇಲೆ ನೋಡೋಣ."

ಅಷ್ಟರಲ್ಲಿ ಅಜ್ಜನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ಮಾತು ನಿಂತಿತು.

ಆಸ್ಪತ್ರೆಗೆ ಸೇರಿಸಿದ ಕೂಡಲೇ ಸಿ.ಟಿ. ಸ್ಕ್ಯಾನ್ ಮಾಡಿದ್ದರು. ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ, ಒಡೆದು ರಕ್ತ ಸೋರಿದೆಯೋ ತಿಳಿಯದೆ ಚಿಕಿತ್ಸೆ ಶುರುಮಾಡುವಂತಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ ರಕ್ತಸ್ರಾವವಾದವರಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಆ ಚಿತ್ರ ತೆಗೆದ ರೇಡಿಯಾಗ್ರಫರ್ ಡಾಕ್ಟರಲ್ಲ. ಮರುದಿನ ಬೆಳಗಿನಿಂದ ಸಂಜೆವರೆಗೆ ಅಜ್ಜನ ಹಾಸಿಗೆಯ ಬಳಿಗೆ ಬಂದವರನ್ನು ಗಮನಿಸುತ್ತಾ ಕೂತೆ. ಡಾಕ್ಟರು ಬಂದು ಬೇಗ ಹೋದರು. ಉಳಿದ ಹೊತ್ತೆಲ್ಲ ಬೇರೆಯವರದೇ. ಮಗ್ಗುಲು ಬದಲಿಸಲು ದಾದಿಯರು ಮತ್ತೆ ಮತ್ತೆ ಬಂದರು. ಫಿಸಿಯೊಥೆರಪಿಸ್ಟ್ ಅಜ್ಜನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿ ಸೊಂಟದ ಹಿಡಿತ ನೋಡಿದರು. ಆಕ್ಯುಪೇಷನಲ್ ಥೆರಪಿಸ್ಟ್ ಬೇರೆಯದೇ ಪ್ರಶ್ನೆ ಹೊತ್ತು ಬಂದಿದ್ದರು: ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದು ಹೇಗೆ?

ಅಜ್ಜನಿಗೆ ಬುದ್ಧಿಯೇ ಹೋಗಿದೆ ಎಂದು ನಮ್ಮವರು ಪಿಸುಗುಟ್ಟುತ್ತಿದ್ದಾಗ ಸ್ಪೀಚ್ ಥೆರಪಿಸ್ಟ್ ಬಂದರು. ಮೊದಲು ಒಂದು ಚಮಚ ನೀರು ಕೊಟ್ಟು, ಗಂಟಲ ಮೇಲೆ ಬೆರಳಿಟ್ಟು, ನುಂಗುವಾಗ ಧ್ವನಿಪೆಟ್ಟಿಗೆ ಮೇಲೇಳುತ್ತದೆಯೇ ಎಂದು ನೋಡಿದರು. ಆಮೇಲೆ "ಆ" ಅನ್ನಿಸಿ ದನಿಯಲ್ಲಿ ಗೊರಗೊರ ಇದೆಯೇ ಎಂದು ಕಿವಿಗೊಟ್ಟರು. ಮಾತಿನ ಚಿಕಿತ್ಸೆಗೆ ಬಂದವರು ನೀರು ಯಾಕೆ ಕುಡಿಸುತ್ತಾರೆಂದು ನನಗೆ ಅಚ್ಚರಿ. ಅವರೇ ವಿವರಿಸಿದರು: ಪಾರ್ಶ್ವವಾಯು ಆದವರಲ್ಲಿ ನೀರು ಶ್ವಾಸನಾಳಕ್ಕೆ ಇಳಿದರೂ ಕೆಲವೊಮ್ಮೆ ಕೆಮ್ಮೇ ಬರುವುದಿಲ್ಲ, ಅದು ನ್ಯುಮೋನಿಯಾಕ್ಕೆ ದಾರಿ. ಮಾತು, ನುಂಗು ಎರಡಕ್ಕೂ ಬೇಕಾದ ತುಟಿ, ನಾಲಿಗೆ, ಗಂಟಲು ಒಂದೇ ಆದ್ದರಿಂದ ಎರಡೂ ಅವರ ಕೆಲಸ.

ಆಮೇಲೆ, "ಕಣ್ಣು ಮುಚ್ಚಿ" ಎಂದರು. ಅಜ್ಜ ಮುಚ್ಚಿದ. "ಕಿಟಕಿ ಎಲ್ಲಿದೆ?" ಎಡಗೈ ಎತ್ತಿ ತೋರಿಸಿದ. ಅವರು ನಮ್ಮತ್ತ ತಿರುಗಿ, "ಇವರಿಗೆ ನಿಮ್ಮ ಮಾತು ಅರ್ಥವಾಗುತ್ತಿದೆ. ಹೇಳಬೇಕಾದ ಪದ ಹೊರಗೆ ಬರುತ್ತಿಲ್ಲ, ಅಷ್ಟೇ. ಇವರೆದುರು ಇವರ ಬಗ್ಗೆ ಹಾಗೆಲ್ಲ ಮಾತಾಡಬೇಡಿ" ಎಂದರು. ಅದಕ್ಕೆ ಅಫೇಸಿಯಾ ಎನ್ನುತ್ತಾರೆ. ಒಂದೇ ಒಂದು ಉಲಿ ಬಿಟ್ಟು ಬೇರೇನೂ ಆಡಲಾಗದಿದ್ದ ರೋಗಿಯೊಬ್ಬನ ಮೆದುಳನ್ನು, ಅವನು ಸತ್ತ ಮೇಲೆ ಪರೀಕ್ಷಿಸಿದ ಫ್ರಾನ್ಸಿನ ಪಾಲ್ ಬ್ರೋಕಾ, ಎಡಭಾಗದ ಮುಂಬದಿಯಲ್ಲಿ ಗಾಯ ಕಂಡದ್ದು 1861ರಲ್ಲಿ. ಇದನ್ನು ನಾನು ಓದಿದ್ದು ಆಮೇಲೆ. ಆ ಹೊತ್ತಿಗೆ ಕಂಡದ್ದು, ಥೆರಪಿಸ್ಟ್ "ಒಂದು, ಎರಡು" ಎಂದು ಶುರುಮಾಡಿದಾಗ ಅಜ್ಜನ ಬಾಯಿಂದ "ಮೂರು, ನಾಲ್ಕು" ಹೊರಬಂದದ್ದು. ಮನೆಮಂದಿಯ ಹೆಸರೇ ಹೇಳಲಾಗದವನು ಐದು, ಆರು ಎಂದು ಮುಂದುವರಿಸಿದ! ರೂಢಿಯಿಂದ ಬರುವ ಎಣಿಕೆ, ವಾರದ ಹೆಸರು, ಹಾಡಿನ ಸಾಲು ಎಷ್ಟೋ ಮಂದಿಯಲ್ಲಿ ಉಳಿದಿರುತ್ತವಂತೆ; ಚಿಕಿತ್ಸೆ ಅಲ್ಲಿಂದಲೇ ಹೊರಡಬಹುದು.

ನನಗೆ ಬೇಕಾದ ಕೆಲಸ ಯಾವುದೆಂದು ಆಗ ಗೊತ್ತಾಯಿತು.

ಕಾರಿಡಾರಿನಲ್ಲಿ ಅವರನ್ನು ಹಿಡಿದು ಏನು ಓದಿದಿರಿ ಎಂದು ಕೇಳಿದೆ. ಪದವಿಯಲ್ಲಿ ಭಾಷಾವಿಜ್ಞಾನ, ಆಮೇಲೆ ಸ್ಪೀಚ್ ಥೆರಪಿಯಲ್ಲಿ ಸ್ನಾತಕೋತ್ತರ. ಅವರ ಸಹೋದ್ಯೋಗಿ ಓದಿದ್ದು ಮನಶ್ಶಾಸ್ತ್ರ. ಆರೋಗ್ಯ ಕ್ಷೇತ್ರಕ್ಕೆ ಭಾಷಾವಿಜ್ಞಾನದ ಬಾಗಿಲಿಂದಲೂ ಬರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಅವರು ಒತ್ತಿ ಹೇಳಿದ್ದು ಬೇರೆ. ಕೆಲವು ಪದವಿ ಮುಗಿಸಿದರೆ ನೇರವಾಗಿ ಕೆಲಸದ ನೋಂದಣಿಗೆ ಅರ್ಹತೆ ಸಿಗುತ್ತದೆ: ನರ್ಸಿಂಗ್, ರೇಡಿಯಾಗ್ರಫಿ, ಲ್ಯಾಬ್ ತಂತ್ರಜ್ಞಾನ ಸಾಮಾನ್ಯವಾಗಿ ಹಾಗೆ. ಬಯಾಲಜಿ, ಮನಶ್ಶಾಸ್ತ್ರದಂಥವು ಒಳ್ಳೆಯ ಬುನಾದಿ, ಆದರೆ ಅಷ್ಟರಿಂದಲೇ ರೋಗಿಯನ್ನು ಮುಟ್ಟುವ ಪರವಾನಗಿ ಸಿಗುವುದಿಲ್ಲ. ಇನ್ನೊಂದು ಪದವಿ ಬೇಕೇ ಬೇಕು. ಇದೂ ದೇಶದಿಂದ ದೇಶಕ್ಕೆ ಬೇರೆ. ಸ್ಪೀಚ್ ಥೆರಪಿಸ್ಟ್ ಆಗಲು ಬ್ರಿಟನ್ನಿನಲ್ಲಿ ಅದೇ ವಿಷಯದ ಮಾನ್ಯತೆ ಪಡೆದ ಸ್ನಾತಕ ಪದವಿ ಸಾಕು, ಅಮೆರಿಕದಲ್ಲಿ ಸ್ನಾತಕೋತ್ತರ ಬೇಕು. ಅಮೆರಿಕದಲ್ಲಿ ಫಿಸಿಯೊಥೆರಪಿಗಂತೂ ಈಗ ಡಾಕ್ಟರೇಟ್ ಮಟ್ಟದ ಓದು. ಆದ್ದರಿಂದ ಕೋರ್ಸಿನ ಹೆಸರಿಗೆ ಮರುಳಾಗುವ ಮೊದಲು, ಎಲ್ಲಿ ಕೆಲಸ ಮಾಡಬೇಕೆಂದಿದ್ದೇವೋ ಅಲ್ಲಿನ ನೋಂದಣಿ ನಿಯಮ ಓದಬೇಕು, ಆ ಓದಿನಲ್ಲಿ ಮೇಲ್ವಿಚಾರಕರ ಕೈಕೆಳಗೆ ರೋಗಿಗಳೊಂದಿಗೆ ಎಷ್ಟು ಗಂಟೆಯ ಅಭ್ಯಾಸವಿದೆ ಎಂದು ಕೇಳಬೇಕು. "ಆಮೇಲೆ ನೋಡೋಣ" ಎಂಬ ಸಲಹೆಯನ್ನು ನಾನು ಈಗಲೂ ಒಪ್ಪುವುದಿಲ್ಲ. ಹದಿನೇಳು ಹದಿನೆಂಟರ ಮಕ್ಕಳಿಗೆ ಅದು ವರ್ಷಗಳ ಲೆಕ್ಕ, ಎಷ್ಟೋ ಮನೆಗಳಿಗೆ ಸಾಲದ ಲೆಕ್ಕ.

ಎಲ್ಲರಿಗೂ ರೋಗಿಯ ಪಕ್ಕದ ಕೆಲಸವೇ ಆಗಬೇಕೆಂದಿಲ್ಲ. ನನ್ನ ಗೆಳತಿ ಜನರೊಡನೆ ಹೆಚ್ಚು ಮಾತು ಬೇಡದ ಸ್ವಭಾವದವಳು, ರಕ್ತನಿಧಿಯ ಲ್ಯಾಬಿನಲ್ಲಿ ಗುಂಪು ಹೊಂದಿಸುತ್ತಾ ನೆಮ್ಮದಿಯಾಗಿದ್ದಾಳೆ. ಆ ಹೊಂದಾಣಿಕೆ ತಪ್ಪಿದರೆ ಜೀವವೇ ಹೋಗಬಹುದು. ಅವಳ ಕೆಲಸ ಯಾರ ಕೆಲಸಕ್ಕೂ ಕಡಿಮೆಯಲ್ಲ.

ಹೊರಡುವ ಮುಂಚೆ ಥೆರಪಿಸ್ಟ್ ಒಂದು ಷರತ್ತು ಹಾಕಿದರು. ಇಂಥ ಒಳ್ಳೆಯ ಗಳಿಗೆ ನೋಡಿ ನಿರ್ಧರಿಸಬೇಡ, ಅನುಮತಿ ಕೊಡಿಸುತ್ತೇನೆ, ಬೇಸರದ ದಿನವನ್ನೂ ನೋಡಲು ಬಾ ಎಂದರು. ಹೋದೆ. ಅರ್ಧ ದಿನ ಅವರು ವರದಿ ಬರೆದರು. ಒಬ್ಬ ರೋಗಿ ಸಿಟ್ಟಿನಿಂದ ಚಿತ್ರದ ಕಾರ್ಡುಗಳನ್ನು ತಳ್ಳಿ ಮುಖ ತಿರುಗಿಸಿದರು. ಇನ್ನೊಬ್ಬರಲ್ಲಿ ತಿಂಗಳುಗಳ ಅಭ್ಯಾಸದ ಬಳಿಕವೂ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ, ಆದರೂ ಥೆರಪಿಸ್ಟ್ ಹೊಸ ಪದಪಟ್ಟಿ ಮಾಡಿಕೊಂಡು ಬಂದಿದ್ದರು. ಅದೆಲ್ಲ ನೋಡಿದ ಮೇಲೆಯೇ ಅರ್ಜಿ ತುಂಬಿದೆ: ಮೊದಲ ಆಯ್ಕೆ ವಾಕ್ ಮತ್ತು ಶ್ರವಣ ವಿಜ್ಞಾನ, ಎರಡನೆಯದು ಆಕ್ಯುಪೇಷನಲ್ ಥೆರಪಿ.