ಹಿಂದೆ ಏನಿತ್ತು ಅಂತ ಕೇಳಿ

"ಮಿಲಿಟರಿ ವಿಮಾನ ಹಾರಿಸಿದವರು ನೀವು. ಈಗ ಪಾರ್ಸೆಲ್ ವಿಮಾನ ಹಾರಿಸೋಕೆ ಬೇಜಾರಾಗಲ್ವಾ?"

ಶಿಡ್ಲಘಟ್ಟಕ್ಕೆ ಬಂದಾಗಲೆಲ್ಲ ಇದೇ ಪ್ರಶ್ನೆ. ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದಲು ಕಳಿಸುತ್ತೇನೆ.

ಬೇಜಾರಾಗಲ್ಲ.

ವಾಯುಪಡೆಯಲ್ಲಿ ನಾನು ಹಾರಿಸಿದ್ದು ಆಂಟೊನೊವ್-32. ಈಗ ಹಾರಿಸುವುದು ಎಟಿಆರ್-72 ಸರಕು ವಿಮಾನ. ಎರಡಕ್ಕೂ ಎರಡೆರಡು ಪ್ರೊಪೆಲರ್, ಎರಡೂ ಹೊರುವ ವಿಮಾನಗಳೇ. ಆದರೆ ಮಿಲಿಟರಿ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ಲಾಗ ಹಾಕುವ ಫೈಟರ್. ಅದೇ ಯಲಹಂಕದ ನೆಲೆಯಲ್ಲಿ ಸರಕು ವಿಮಾನದ ಪೈಲಟ್‌ಗಳು ತರಬೇತಿ ಪಡೆಯುತ್ತಾರೆ ಅನ್ನುವುದು ಆ ದಾರಿಯಲ್ಲೇ ದಿನಾ ಬೆಂಗಳೂರಿಗೆ ಓಡಾಡುವವರಿಗೂ ಗೊತ್ತಿಲ್ಲ.

ಹೋದ ವರ್ಷ ಚಿಕ್ಕಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಸೋದರಮಾವ ಗಂಡಿನ ಕಡೆಯವರೊಬ್ಬರಿಗೆ ನನ್ನ ಪರಿಚಯ ಮಾಡಿಸಿದರು. ಅವರು ಎಲ್ಲ ಕೇಳಿಸಿಕೊಂಡು, "ಅಂದ್ರೆ ಗಾಳೀಲಿ ಲಾರಿ ಓಡಿಸ್ದಂಗೆ ಅನ್ನಿ. ಜನ ಇಲ್ಲ, ಬರೀ ಸಾಮಾನು. ಟೆನ್ಷನ್ನೇ ಇಲ್ಲ ಬಿಡಿ ಸಾರ್" ಅಂದರು. ಲಾರಿ ಅಂದದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಆ "ಬರೀ" ಇನ್ನೂ ಕುಟುಕುತ್ತಿದೆ.

ನಮ್ಮದು ರೇಷ್ಮೆ ಸಾಕುವ ಮನೆ. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಅಪ್ಪ ಬೆಳಗಿನ ಜಾವ ಟೆಂಪೋಗೆ ಹಾಕಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಿದ್ದರು. ಗಾಳಿಯಾಡದೆ ಬೆವೆತರೆ ಗೂಡು ಕೆಡುತ್ತದೆ, ಅದುಮಿದರೆ ಒಳಗಿನ ಹುಳು ಒಡೆದು ಕಲೆಯಾಗುತ್ತದೆ, ತಡವಾಗಿ ಚಿಟ್ಟೆ ಹೊರಬಿದ್ದರೆ ನೂಲೇ ಬರುವುದಿಲ್ಲ. ಚೀಲ ಹೇಗೆ ಇಡಬೇಕೆಂದು ಡ್ರೈವರ್‌ಗೆ ಅಪ್ಪ ಎರಡೆರಡು ಸಲ ಹೇಳುತ್ತಿದ್ದರು. ವರ್ಷವಿಡೀ ಮನೆಯವರೆಲ್ಲ ಉಣ್ಣುವ ಅನ್ನ ಆ ಟೆಂಪೋದಲ್ಲಿತ್ತು. ಅಂಥ ಮನೆಯಲ್ಲಿ ಹುಟ್ಟಿದವನ ಮುಂದೆ "ಬರೀ ಸಾಮಾನು" ಅನ್ನಬೇಡಿ.

ವ್ಯತ್ಯಾಸ ಏನು ಅಂತ ಕೇಳಿದರೆ ಸಂತೋಷವಾಗಿ ಹೇಳುತ್ತೇನೆ. ನಮ್ಮ ವಾಯುಪಡೆಗೆ ಆಂಟೊನೊವ್-32 ಬಂದದ್ದು 1984ರಲ್ಲಿ. ಅದರ ಒಂದೊಂದು ಎಂಜಿನ್ನಿಗೂ 5,000 ಅಶ್ವಶಕ್ತಿಗೆ ಮೇಲ್ಪಟ್ಟ ಬಲ, ಎಟಿಆರ್‌ನದು ಹೆಚ್ಚುಕಡಿಮೆ ಅದರ ಅರ್ಧ. ಸೆಕೆಯಲ್ಲೂ ಎತ್ತರದಲ್ಲೂ ಗಾಳಿ ತೆಳುವಾಗುತ್ತದೆ, ರೆಕ್ಕೆಗೂ ಎಂಜಿನ್ನಿಗೂ ಉಸಿರು ಸಾಲುವುದಿಲ್ಲ. ಅಂಥ ಕಡೆಗೆಂದೇ ಆ ಬಲ. ಲಡಾಖಿನ ಲೇಹ್ ನಿಲ್ದಾಣವೇ 10,682 ಅಡಿ ಎತ್ತರದಲ್ಲಿದೆ. ಮಧ್ಯಾಹ್ನ ಗಾಳಿ ಎದ್ದರೆ ಕಷ್ಟ ಅಂತ ಬೆಳಿಗ್ಗೆಯೇ ಹೋಗಿ ಬಂದುಬಿಡಬೇಕು. 2008ರ ಮೇ 31ರಂದು ಒಂದು ಆಂಟೊನೊವ್-32 ಚೀನಾ ಗಡಿಯ ಹತ್ತಿರದ ದೌಲತ್ ಬೇಗ್ ಓಲ್ಡಿಯಲ್ಲಿ, 16,614 ಅಡಿಯ ಮೇಲೆ, ಮಣ್ಣಿನ ಪಟ್ಟಿಯಲ್ಲಿ ಇಳಿಯಿತು. 43 ವರ್ಷ ಅಲ್ಲಿ ಯಾವ ವಿಮಾನವೂ ಇಳಿದಿರಲಿಲ್ಲ. ಅವತ್ತು ಅದರಲ್ಲಿ ನಾನಿರಲಿಲ್ಲ, ಆದರೂ ಆ ವಿಮಾನದ ಹೆಸರೆತ್ತಿದರೆ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಮೇಲಿಂದ ಸಾಮಾನು ಬೀಳಿಸುವುದು ಇನ್ನೊಂದೇ ಕೆಲಸ. ಹಿಂಬಾಗಿಲು ತೆರೆದಾಗ ಕೊರೆಯುವ ಗಾಳಿ ಒಳಗೆ ನುಗ್ಗುತ್ತದೆ, ಎಲ್ಲರ ಮುಖಕ್ಕೂ ಆಮ್ಲಜನಕದ ಮಾಸ್ಕ್. ಸರಕು ಹಿಂದಕ್ಕೆ ಜಾರತೊಡಗಿದರೆ ಬಾಲ ಭಾರವಾಗಿ ಮೂತಿ ಮೇಲೇಳುತ್ತದೆ. ಮೂತಿಯನ್ನು ಕೆಳಕ್ಕೆ ಒತ್ತಿ ಹಿಡಿದಿರುವಾಗಲೇ ಸರಕು ಹೊರಗೆ ಹಾರಿ ವಿಮಾನ ಒಮ್ಮೆಲೇ ಹಗುರವಾಗುತ್ತದೆ, ಒತ್ತಿದ ಕೈಯನ್ನು ಅಷ್ಟೇ ಬೇಗ ಸಡಿಲಿಸಬೇಕು. ಸುತ್ತ ಬರೀ ಬೆಟ್ಟ.

ಎಟಿಆರ್‌ನ ಕಷ್ಟ ಬೇರೆ. ಆಂಟೊನೊವ್‌ನಲ್ಲಿ ನ್ಯಾವಿಗೇಟರ್ ಇದ್ದರು, ಫ್ಲೈಟ್ ಎಂಜಿನಿಯರ್ ಇದ್ದರು. ಇಲ್ಲಿ ಇಬ್ಬರೇ, ಅದೂ ರಾತ್ರಿ ಎರಡು ಮೂರು ಗಂಟೆಗೆ, ಮೈ ಮಲಗು ಅನ್ನುವ ಹೊತ್ತಿನಲ್ಲಿ. ಜೆಟ್‌ಗಳು 35,000 ಅಡಿಯಲ್ಲಿ ಹೆಚ್ಚಿನ ಮಳೆಮೋಡಗಳನ್ನು ಕೆಳಗೆ ಬಿಟ್ಟು ಹೋಗುತ್ತವೆ. ನಮ್ಮ ಮಿತಿ 25,000 ಅಡಿ, ಮುಂಗಾರಿನಲ್ಲಿ ಮೋಡದ ಹೊಟ್ಟೆಯೊಳಗೇ ದಾರಿ. ರೆಕ್ಕೆಯ ಅಂಚಿಗೆ ಕಟ್ಟುವ ಮಂಜುಗಡ್ಡೆಯನ್ನು ರಬ್ಬರ್ ಪಟ್ಟಿಗಳು ಉಬ್ಬಿ ಒಡೆಯುತ್ತವೆ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಆ ಮಂಜಿನಿಂದಲೇ ಒಂದು ಎಟಿಆರ್-72 ಬಿದ್ದು 68 ಜನ ಸತ್ತರು. ಆ ಪಟ್ಟಿಗಳನ್ನು ಅಗಲ ಮಾಡಿದ್ದು ಅದಾದ ಮೇಲೆ. ಟೆನ್ಷನ್ ಇಲ್ಲ ಅಂದವರಿಗೆ ಇಷ್ಟು ಸಾಕು.

ಸಾಮಾನಿನ ವಿಮಾನ ಕೀಳು ಅನ್ನುವವರು ಸ್ವಲ್ಪ ಹಿಂದೆ ನೋಡಲಿ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದು ಡಕೋಟಾಗಳು. 1948ರ ಮೇ 24ರಂದು ಲೇಹ್‌ನಲ್ಲಿ ಮೊದಲ ಸಲ ಇಳಿದದ್ದೂ ಡಕೋಟಾ. ಹಾರಿಸಿದವರು ವಾಯುಪಡೆಯ ಮೆಹರ್ ಸಿಂಗ್, ಜೊತೆಗೆ ಕೂತು ಹೋದವರು ನಮ್ಮ ಕೊಡಗಿನ ತಿಮ್ಮಯ್ಯನವರು.

ಎಟಿಆರ್‌ಗೆ ಸರಕು ತುಂಬುವಾಗ ಬಾಲದ ಕೆಳಗೆ ಒಂದು ಊರುಗೋಲು ನಿಲ್ಲಿಸುತ್ತಾರೆ, ಹಿಂಭಾರವಾದರೆ ಮೂತಿ ಎದ್ದು ಬಾಲ ಕೂರಬಾರದು ಅಂತ. ಒಂದು ರಾತ್ರಿ ಟಾರ್ಚ್ ಹಿಡಿದು ಸುತ್ತು ಹಾಕುವಾಗ ನೋಡಿದೆ: ಆ ಕೋಲು ನೆಲಕ್ಕೆ ಕಚ್ಚಿಕೊಂಡಿತ್ತು, ಕಾಲಲ್ಲಿ ಒದ್ದರೂ ಅಲುಗಲಿಲ್ಲ. ಕಾಗದದಲ್ಲಿ ಎಲ್ಲ ಸರಿಯಾಗಿತ್ತು. ಭಾರದ ಪೆಟ್ಟಿಗೆಗಳೆಲ್ಲ ಹಿಂದೆ ಹೋಗಿ ಕೂತಿದ್ದವು. ಇಳಿಸಿ ಮತ್ತೆ ತುಂಬಿಸಿದೆ. ನಲವತ್ತು ನಿಮಿಷ ತಡವಾಯಿತು. ಆಫೀಸಿನಿಂದ ಫೋನ್ ಮಾಡಿದವರು ತಡ ಯಾಕೆ ಅಂತ ಕೇಳಿದರು. ಹಿಂದೆ ಏನಿತ್ತು, ಹೇಗಿತ್ತು ಅಂತ ಕೇಳಲಿಲ್ಲ.

ನನಗೆ ಬೇಕಾದ ಪ್ರಶ್ನೆ ಅದು. ಅದನ್ನು ತಪ್ಪದೆ ಕೇಳುತ್ತಿದ್ದವಳು ಅಮ್ಮ ಒಬ್ಬಳೇ. ವಿಮಾನ ಎಷ್ಟು ಸ್ಪೀಡು, ಸಂಬಳ ಎಷ್ಟು ಅಂತ ಒಂದು ದಿನವೂ ಕೇಳಿದವಳಲ್ಲ. ಫೋನ್ ಎತ್ತಿದ ಕೂಡಲೇ, "ಇವತ್ತೇನು ತುಂಬ್ಕೊಂಡು ಹೋಗಿದ್ದೆ ಮಗಾ?" ಗಡಿಯ ಸೈನಿಕರಿಗೆ ಸೀಮೆಎಣ್ಣೆ ಅಂದರೆ, "ಪಾಪ, ಚಳಿ ಅಲ್ವಾ ಅವ್ರಿಗೆ." ಕೋಸು, ಈರುಳ್ಳಿ, ಮೊಟ್ಟೆ ಅಂದರೆ, "ಮೊಟ್ಟೆ ಒಡೀಲಿಲ್ಲ ತಾನೆ?" ಈಗಿನ ಔಷಧಿ ಡಬ್ಬಿಗಳ ಮಾತು ಬಂದರೆ, "ಯಾರಿಗೋ ಏನೋ, ಬೇಗ ತಲುಪಿಸಪ್ಪ." "ವಾಪಸ್ ಬರ್ತಾ ಏನಿತ್ತು?" ಅನ್ನುವುದೂ ಅವಳ ರೂಢಿ. ರಜೆಗೆ ಹೊರಟ ಹುಡುಗರು ಅಂದರೆ ಅವರಲ್ಲಿ ನಮ್ಮ ಕಡೆಯವರು ಎಷ್ಟು ಜನ ಅಂತ ವಿಚಾರಿಸುತ್ತಿದ್ದಳು.

ಒಂದು ಸಲ ಲೇಹ್‌ನಿಂದ ಚಂಡೀಗಢಕ್ಕೆ ಬರುವಾಗ ಹಿಂದೆ ಇದ್ದದ್ದು ಬಾವುಟ ಹೊದಿಸಿದ ಒಂದು ಪೆಟ್ಟಿಗೆ, ಅದರ ಪಕ್ಕ ಒಂದು ಕಪ್ಪು ಟ್ರಂಕು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಸಾಮಾನು ನೋಡಿಕೊಳ್ಳುವವರನ್ನು ನಮ್ಮಲ್ಲಿ ಫ್ಲೈಟ್ ಗನ್ನರ್ ಅನ್ನುತ್ತಾರೆ. ಬೆಳಿಗ್ಗೆ ತರಕಾರಿ ಬುಟ್ಟಿಗಳಿಗೆ ಕಟ್ಟಿದ್ದ ಪಟ್ಟಿಗಳಿಂದಲೇ ಅವರು ಪೆಟ್ಟಿಗೆಯನ್ನು ಬಿಗಿದರು. ಒಂದೊಂದು ಪಟ್ಟಿಯನ್ನೂ ಎಳೆದು ನೋಡಿದರು. ಒಂದು ಕಡೆ ಬಾವುಟ ಸುಕ್ಕುಗಟ್ಟಿದ್ದು ಕಂಡು ಪಟ್ಟಿ ಬಿಚ್ಚಿ, ಬಟ್ಟೆಯನ್ನು ಅಂಗೈಯಿಂದ ಸವರಿ ಸರಿಮಾಡಿ, ಮತ್ತೆ ಬಿಗಿದರು.

ರಾತ್ರಿ ಅಮ್ಮ ಕೇಳಿದಳು, ವಾಪಸ್ ಬರ್ತಾ ಏನಿತ್ತು ಅಂತ.

"ಖಾಲಿ ಬಂದ್ವಮ್ಮ" ಅಂದೆ.