ಒಣಗಿದೆ ಅಂತ ಟೈಪ್ ಮಾಡಿ, ಮೇಡಂ

ತುಮಕೂರಿನ ಟೌನ್ ಹಾಲ್ ಸರ್ಕಲ್‌ನಿಂದ ಸ್ವಲ್ಪ ಒಳಗೆ ನನ್ನ ಜೆರಾಕ್ಸ್ ಅಂಗಡಿ. ಜೆರಾಕ್ಸ್‌ಗಿಂತ ಅರ್ಜಿ ಟೈಪ್ ಮಾಡುವ ಕೆಲಸವೇ ಜಾಸ್ತಿ. ಖಾತೆ ಬದಲಾವಣೆ, ಪಹಣಿ ತಿದ್ದುಪಡಿ, ಪಿಂಚಣಿ, ನಡುವೆ ಆಗಾಗ ಮರದ ಅರ್ಜಿ. ಮರದ ಅರ್ಜಿ ಅಂದರೆ ಕಡಿಯೋದಕ್ಕೇ. ನೆಡಬೇಕು ಅಂತ ಬರೆಸೋಕೆ ಬರುವವರು ಅಪರೂಪ.

ಎಲ್ಲರೂ ಹಾಕಿಸುವ ಸಾಲು ಹೆಚ್ಚುಕಮ್ಮಿ ಒಂದೇ: "ಸದರಿ ಮರವು ಸಂಪೂರ್ಣ ಒಣಗಿದ್ದು, ಸಾರ್ವಜನಿಕರ ಪ್ರಾಣಕ್ಕೆ ಅಪಾಯವಿರುತ್ತದೆ." ಈ ಸಾಲಿಗೆ ಯಾಕಿಷ್ಟು ಬೇಡಿಕೆ ಅಂತ ಕಾನೂನು ತೆಗೆದು ಓದಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ರಸ್ತೆ ಬದಿಯ ಮರ ಪಾಲಿಕೆ ಜಾಗದಲ್ಲಿದ್ದರೂ ಪಾಲಿಕೆ ತಾನಾಗಿಯೇ ಕಡಿಯುವಂತಿಲ್ಲ. ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ತರಹದ ಕೆಲವಕ್ಕೆ ಮಾತ್ರ ವಿನಾಯಿತಿ. ಆದರೆ ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಪ್ರಾಣಕ್ಕೋ ಆಸ್ತಿಗೋ ಅಪಾಯವಿದ್ದರೆ ಅನುಮತಿ ನಿರಾಕರಿಸುವ ಹಾಗಿಲ್ಲ.

ಸತ್ತ ಮರವನ್ನು ಕಡಿಯಲೇಬೇಕು, ಸರಿ. ಸತ್ತಿದ್ದು ಹೇಗೆ ಅಂತ ಅರ್ಜಿಯಲ್ಲಿ ಒಂದು ಕಾಲಂ ಇರಬೇಕಿತ್ತು ಅಲ್ವಾ?

ಬೇಕಂತಲೇ ಬುಡದಲ್ಲಿ ತೊಗಟೆ ಕೆತ್ತುವವರು ಇದ್ದಾರೆ. ಅವರು ಕಮ್ಮಿ. ಜಾಸ್ತಿ ಮರಗಳು ಸಾಯುವುದು ಚರಂಡಿ ಕೆಲಸದಲ್ಲಿ. ಜೆಸಿಬಿ ಒಂದು ಪಕ್ಕದ ಬೇರನ್ನೆಲ್ಲ ಕತ್ತರಿಸಿಕೊಂಡು ಹೋಗುತ್ತದೆ. ಆಮೇಲೆ ಬುಡಕ್ಕೆ ಅಂಟಿಸಿಕೊಂಡು ಕಾಂಕ್ರೀಟ್, ಅದರ ಪಕ್ಕ ಟೈಲ್ಸ್. ನೀರು ಇಳಿಯಲು ಒಂದು ಬೊಗಸೆ ಮಣ್ಣೂ ಉಳಿಯುವುದಿಲ್ಲ. ಮರ ತಕ್ಷಣ ಸಾಯುವುದಿಲ್ಲ, ಅದೇ ತೊಂದರೆ. ತುದಿಯಿಂದ ಒಣಗುತ್ತಾ ಬರುವಷ್ಟರಲ್ಲಿ ಗುತ್ತಿಗೆದಾರ ಬಿಲ್ ತೆಗೆದುಕೊಂಡು ಹೋಗಿರುತ್ತಾನೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು, ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ. ಒಂದು ಮೀಟರ್, ಅಷ್ಟೇ.

ಮೊನ್ನೆ ಒಬ್ಬರು ಅಂಗಡಿ ಮುಂದಿನ ಗುಲ್‌ಮೊಹರ್ ಬಗ್ಗೆ ಬರೆಸಲು ಬಂದಿದ್ದರು.

"ಯಾವಾಗಿಂದ ಒಣಗ್ತಿದೆ ಅಣ್ಣಾ?"

"ಚರಂಡಿ ಮಾಡಿದ ಮೇಲೆ."

"ಅದನ್ನೂ ಹಾಕ್ಲಾ?"

"ಅದೆಲ್ಲಾ ಯಾಕಮ್ಮ. ಸುಮ್ನೆ ಒಣಗಿದೆ ಅಂತ ಟೈಪ್ ಮಾಡಿ."

ಕಡಿದ ಮೇಲೆ 30 ದಿನದೊಳಗೆ ಬೇರೆ ಗಿಡ ನೆಡಬೇಕು ಅನ್ನುವ ಷರತ್ತೂ ಇದೆ. ಫೆಬ್ರವರಿಯಲ್ಲಿ ಕಡಿದರೆ 30 ದಿನ ಬಂದು ನಿಲ್ಲುವುದು ಮಾರ್ಚ್‌ನಲ್ಲಿ. ನಮ್ಮೂರಿನ ಮಾರ್ಚ್ ಬಿಸಿಲು ಗೊತ್ತಲ್ಲ. ಕಾಗದದ ಲೆಕ್ಕ ಮುಗಿಯುತ್ತದೆ, ಗಿಡವೂ ಮುಗಿಯುತ್ತದೆ. ಹಾಗಾಗಿ ಬೇಸಿಗೆಯ ಅರ್ಜಿಗಳಲ್ಲಿ "ಮಳೆ ಹಿಡಿಯುವವರೆಗೆ ಕಾಲಾವಕಾಶ ಕೊಡಬೇಕಾಗಿ ಕೋರಿಕೆ" ಅಂತ ನಾನೇ ಒಂದು ಸಾಲು ಸೇರಿಸುತ್ತೇನೆ. ಬೇಡ ಅಂದವರು ಇಲ್ಲ. ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಒಂದೊಂದೇ ಒಣಗುತ್ತಾ ಹೋದರೆ ಯಾವ ಪ್ರಕಟಣೆಯೂ ಇಲ್ಲ, ರಸ್ತೆ ಬೋಳು.

ನೆಡುವ ಅರ್ಜಿ ಹೋದ ತಿಂಗಳು ಒಂದು ಬಂತು. ಇಸ್ತ್ರಿ ಗಾಡಿಯವರು, ನೆರಳು ಹೋಗಿ ಒದ್ದಾಡುತ್ತಿದ್ದವರು. ಪಾಲಿಕೆ ಆಯುಕ್ತರ ಹೆಸರಿಗೆ ಬರೆದು, ಪ್ರತಿಯನ್ನು ವೃಕ್ಷ ಅಧಿಕಾರಿಗೆ ಹಾಕಿದೆ. ಜಾಗ ಎಲ್ಲಿ, ಮೇಲೆ ಕರೆಂಟ್ ತಂತಿ ಇದೆಯಾ, ಕೆಳಗೆ ನೀರಿನ ಪೈಪ್ ಇದೆಯಾ, ಎಲ್ಲ ಬರೆದೆವು. ತಂತಿ ಇದ್ದಿದ್ದರಿಂದ ಮಳೆಮರ ಬೇಡ, ಹೊಂಗೆ ಸಾಕು ಅಂದೆ. ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡಬೇಕು ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿದೆ. ನೀರು ಯಾರು ಹಾಕ್ತಾರೆ ಅಂದರೆ, "ನನ್ನ ಹೆಸರೇ ಹಾಕಿ ಮೇಡಂ. ಎಲೆ ಮಾತ್ರ ಗುಡಿಸಲ್ಲ" ಅಂದರು.

ನೀವೂ ಬರೆಸುವುದಾದರೆ ಜಾಗದ ಫೋಟೋ ತನ್ನಿ. ಎರಡನೇ ಪ್ರತಿಯ ಮೇಲೆ ಕಚೇರಿಯ ಸೀಲ್, ತಾರೀಖು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. ನೆಡುವ ಅರ್ಜಿಗೆ ನಾನು ಟೈಪಿಂಗ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಜೆರಾಕ್ಸ್‌ಗೆ ಕೊಡಬೇಕು.